ಸ್ವಂತ ಇಚ್ಛೆಯಿಂದ ಅಲ್ಲ

ದೆಹಲಿ
೨೪ ನವೆಂಬರ್ ೨೦೨೪

ಅತ್ತಿ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಔರಾದದ ಮನೆಯಲ್ಲಿ ಪಪ್ಪಾ ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತಾನೆ, ನೀನು ಭಾಲ್ಕಿಯಲ್ಲಿ ಎತ್ತಿದರೆ ಪಕ್ಕದಲ್ಲಿ ರಹೀಮುನ್ನಿಸಾ ಚಾಚಿ ಇರುತ್ತಾಳೆ. ಹಾಸ್ಟೆಲಿಗೆ ಬಂದ ವರ್ಷ ನೀನೇ ಇಪ್ಪತ್ತು ಲಕೋಟೆಗಳ ಮೇಲೆ ನಿನ್ನ ವಿಳಾಸ ಬರೆದು, ಅಂಚೆಚೀಟಿ ಹಚ್ಚಿ ಕೊಟ್ಟಿದ್ದೆಯಲ್ಲ, ಇದು ಹದಿನಾಲ್ಕನೆಯದು.

ಸುದ್ದಿ ಇಷ್ಟು. ಮೊನ್ನೆ ಒಂದು ದೊಡ್ಡ ಸಲಹಾ ಕಂಪನಿಯವರು ಕಾಲೇಜಿಗೆ ಬಂದಿದ್ದರು. ಇಡೀ ಬ್ಯಾಚಿನಲ್ಲಿ ಹನ್ನೆರಡು ಮಂದಿಯನ್ನು ಆರಿಸಿ ದೊಡ್ಡ ಹೋಟೆಲಿನಲ್ಲಿ ಊಟಕ್ಕೆ ಕರೆದರು. ಹನ್ನೆರಡರಲ್ಲಿ ನಾನೊಬ್ಬಳು. ಪ್ರಣಯದ ಮಾತಿನಷ್ಟು ಮೆಲ್ಲಗೆ ಮಾತಾಡುವ ಮಂದಿ. ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಪಪ್ಪಾ ಏನು ಮಾಡುತ್ತಾರೆ, ರಜೆಯಲ್ಲಿ ಎಲ್ಲಿಗೆ ಹೋಗುತ್ತೀರಿ, ಹೀಗೇ ಮನೆಮಾತು. ಒಬ್ಬ ಹಿಮದ ಮೇಲೆ ಜಾರಲು ಹೋಗುತ್ತಾನಂತೆ. ಒಬ್ಬಳಿಗೆ ಬೆಟ್ಟದಲ್ಲಿ ಅಜ್ಜನ ಸೇಬಿನ ತೋಟವಂತೆ. ನನ್ನ ಸರದಿ ಬಂದಾಗ "ಭಾಲ್ಕಿ, ನಮ್ಮ ಅತ್ತಿ ಮನೆ" ಅಂದೆ. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ.

ಊಟ ಚೆನ್ನಾಗಿತ್ತು. ಪಪ್ಪಾ ಮಮ್ಮಿಗೆ ನಾನೇ ಹೇಳುತ್ತೇನೆ.

ನಿನ್ನ
ನಿಸ್ಸಿ


ಭಾಲ್ಕಿ
೩ ಡಿಸೆಂಬರ್ ೨೦೨೪

ಕರ್ತನಲ್ಲಿ ಬಹುಪ್ರಿಯಳಾದ ನಿಸ್ಸಿಗೆ, ನಿನ್ನ ಅತ್ತಿ ಫ್ಲಾರೆನ್ಸಳ ತುಂಬು ಹೃದಯದ ಆಶೀರ್ವಾದ.

ಕಾಗದ ಶನಿವಾರ ಕೈಸೇರಿತು. ಓದಿ ಮೊದಲು ಪ್ರಾರ್ಥನೆ ಮಾಡಿದೆ, ಆಮೇಲೆ ಗೋಡೆಯ ಮೇಲಿಂದಲೇ ರಹೀಮುನ್ನಿಸಾಗೆ ಕೂಗಿ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಊಟಾ ಹಾಕ್ಯಾರೇನ? ಹಾಂಗಂದ್ರ ಬಾತ್ ಪಕ್ಕಾ, ಮಾತು ಕೂಡಿತು ಬಿಡವಾ ಸಿಸ್ಟರ್" ಅಂದಳು.

ಸರಿಯಾಗಿಯೇ ಹೇಳಿದಳು. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಮನಸ್ಸು ಬಾರದಿದ್ದರೆ ಚಹಾ ಕುಡಿದು ಏಳುತ್ತಾರೆ, ತಟ್ಟೆಯ ಮುಂದೆ ಕೂರುವುದಿಲ್ಲ. ನಿನ್ನ ಮಮ್ಮಿಯನ್ನು ನೋಡಲು ಜನವಾಡಕ್ಕೆ ಹೋದಾಗ ಮಾತು ಇನ್ನೂ ಜೋಲಾಡುತ್ತಿತ್ತು. ನಾನೇ ಎದ್ದು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತೆ. ಅಲ್ಲಿಗೆ ಮುಗಿಯಿತು, ರೂಬಿ ನಮ್ಮ ಮನೆಯವಳಾದಳು. ಉಣ್ಣಿಸಿ ಆಮೇಲೆ ಒಲ್ಲೆ ಅನ್ನುವವರು ಮನುಷ್ಯರೇನು?

ಹಾಗಾಗಿ ಭಾನುವಾರ ಸಭೆಯಲ್ಲಿ ಎದ್ದು ಕೃತಜ್ಞತೆ ಹೇಳಿಬಿಟ್ಟೆ. ಆಲ್ಬರ್ಟ ಪಾಸ್ಟರ್ ನಿನ್ನ ಹೆಸರಿಟ್ಟು ಪ್ರಾರ್ಥನೆ ಮಾಡಿದರು. ನಿನ್ನ ಪಪ್ಪನಿಗೆ ನಾನೇ ಹೇಳಿದೆ, ಸಿಟ್ಟು ಮಾಡಿಕೊಳ್ಳಬೇಡ, ತಡೆಯಲಾಗಲಿಲ್ಲ. ಹೆಡ್ ಮಾಸ್ತರ ಅಂದರೆ ಸಾಲಿಯಲ್ಲಿ ಎಲ್ಲರೂ ಹೆದರುತ್ತಾರೆ, ಬೆಂಜಮಿನ ಫೋನಿನಲ್ಲಿ ಹುಡುಗರ ಹಾಗೆ ಅತ್ತ.

ಸೇರುವ ದಿನ ಯಾವಾಗ? ಕ್ರಿಸ್‌ಮಸ್‌ಗೆ ಬರುವಾಗ ಆ ಕಂಪನಿಯ ಕಾಗದ ತೆಗೆದುಕೊಂಡು ಬಾ.

ನಿನ್ನ ಅತ್ತಿ


ದೆಹಲಿ
೧೯ ಡಿಸೆಂಬರ್ ೨೦೨೪

ಅತ್ತಿ,

ಪರೀಕ್ಷೆಗಳಿವೆ. ಕ್ರಿಸ್‌ಮಸ್‌ಗೆ ಬರುವುದಿಲ್ಲ. ಇಲ್ಲಿ ಚಳಿ ಬಹಳ.

ಸಭೆಯಲ್ಲಿ ಹೇಳುವ ಮುಂಚೆ ಒಂದು ಮಾತು ಕೇಳಬೇಕಿತ್ತು. ಇರಲಿ. ಇನ್ನು ಮುಂದೆ ಯಾರಿಗೂ ಹೇಳಬೇಡ. ಸೇರುವ ದಿನ ಕಂಪನಿಯವರು ತಿಳಿಸುತ್ತಾರೆ. ಕೆಲವು ಸಲ ತಡವಾಗುತ್ತದೆ.

ಕರಚಿಕಾಯಿ ಪಾರ್ಸೆಲ್ ಮಾಡಬೇಡ, ಒಡೆದು ಪುಡಿಯಾಗುತ್ತದೆ.

ನಿಸ್ಸಿ


ಭಾಲ್ಕಿ
೪ ಜನವರಿ ೨೦೨೫

ಪ್ರಿಯ ನಿಸ್ಸಿಗೆ ಹೊಸ ವರ್ಷದ ಆಶೀರ್ವಾದ.

ಕರಚಿಕಾಯಿ ಕಳಿಸಿದ್ದೇನೆ. ಪುಡಿಯಾದರೆ ಚಮಚೆಯಿಂದ ತಿನ್ನು.

ಯಾರಿಗೂ ಹೇಳಬೇಡ ಅಂದರೆ ಹೇಗೆ? ಬೀದರದ ಮಹಿಳಾ ಕೂಟದಲ್ಲಿ ನಾನು ಒಳಗೆ ಕಾಲಿಡುವ ಮೊದಲೇ ಚಪ್ಪಾಳೆ ಬಿತ್ತು. ಅಲ್ಲಿಂದ ಅಂಜನಾಬಾಯಿ ನನ್ನ ಬೆನ್ನು ಹತ್ತಿದ್ದಾಳೆ. ನಿನಗೆ ಗೊತ್ತಲ್ಲ, ಬೀದರದ ಬ್ಯಾಂಕಿನಲ್ಲಿದ್ದಾಳೆ, ಬುದ್ಧವಿಹಾರದ ಕಡೆಯ ಮನೆ, ನಾನು ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಅವಳ ಮಗಳು ಪ್ರಣಿತಾ ಹುಟ್ಟಿದ್ದು ನನ್ನ ಕೈಯಲ್ಲೇ. ಆ ಹುಡುಗಿ ಈಗ ಪಿಯುಸಿ ಎರಡನೇ ವರ್ಷ, ಬೆಂಕಿ. ಇಬ್ಬರೂ ಭಾಲ್ಕಿಗೇ ಬಂದು ಕೂತರು.

"ಸಿಸ್ಟರ್ರೀ, ನಿಸ್ಸಿ ಅಕ್ಕನ ಕಾಲೇಜಿಗಿ ಹೋದ್ರ ನೌಕರಿ ಗ್ಯಾರಂಟಿ ಏನ್ರಿ?" ಅಂತ ಹುಡುಗಿ ಕೇಳಿದಳು. ನೇರ ಪ್ರಶ್ನೆ, ನಿನ್ನ ಥರಾನೇ.

"ಗ್ಯಾರಂಟಿನ ಬೇಟಾ. ಮಾರ್ಕ್ಸ್ ಇರಬೇಕು, ನಡತಿ ಚಲೋ ಇರಬೇಕು, ಅಷ್ಟ. ಅಲ್ಲಿ ನೀ ಯಾರ ಮಗಳು ಅಂತ ಯಾರೂ ಕೇಳಂಗಿಲ್ಲ" ಅಂದೆ.

ಅವಳ ತಾಯಿ ಅಲ್ಲೇ ಅಂದಳು: "ಹಾಂಗಿದ್ರ ನೌಬಾದದ ಪ್ಲಾಟು ಮಾರೇ ಕಳಸ್ತೇನ್ರಿ. ಅರ್ಧಾ ಜೀವಾ ಕೊಟ್ಟು ತಗೊಂಡಿದ್ದು, ಹೋಗ್ಲಿ."

ಕಾಲೇಜಿನ ಪುಸ್ತಿಕೆಯನ್ನು ಪ್ರಣಿತಾ ಮೊಬೈಲಿನಲ್ಲಿ ತೋರಿಸಿದಳು. ಹೋದ ವರ್ಷ ನೂರಕ್ಕೆ ನೂರು ಮಂದಿಗೆ ನೌಕರಿ ಅಂತ ಮೊದಲ ಪುಟದಲ್ಲೇ ಇದೆ. ಓದಿ ನನಗೂ ಹೆಮ್ಮೆ. ನೀನು ಅವಳಿಗೆ ನಾಲ್ಕು ಮಾತು ಬರೆ.

ನಿನ್ನ ಅತ್ತಿ


ದೆಹಲಿ
೨೩ ಫೆಬ್ರುವರಿ ೨೦೨೫

ಅತ್ತಿ,

ಪ್ರಣಿತಾಗೆ ಬರೆಯಲಿಲ್ಲ. ನಿನಗೂ ಏಳು ವಾರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ನನಗೆ ಕೆಲಸ ಸಿಕ್ಕಿಲ್ಲ. ಯಾವತ್ತೂ ಸಿಕ್ಕಿರಲಿಲ್ಲ. ಆ ಊಟ ಪರೀಕ್ಷೆ, ಅತ್ತಿ. ನಾವು ಹೇಗೆ ಕೂರುತ್ತೇವೆ, ಏನು ಮಾತಾಡುತ್ತೇವೆ, ಯಾರ ಹೆಸರು ಹೇಳಿದರೆ ಯಾರಿಗೆ ಗುರುತು ಹತ್ತುತ್ತದೆ, ಇದನ್ನು ನೋಡಲು ಊಟ. ಹನ್ನೆರಡರಲ್ಲಿ ಮೂವರನ್ನು ಆರಿಸಿದರು. ಒಬ್ಬನ ಅಜ್ಜ ನ್ಯಾಯಾಧೀಶ. ಒಬ್ಬಳ ತಾಯಿ ಅದೇ ಕಂಪನಿಯಲ್ಲಿದ್ದವಳು. ಮೂರನೆಯವನೂ ಊಟಕ್ಕೆ ಕರೆದ ಸಾಹೇಬನೂ ಒಂದೇ ಸಾಲಿಯಲ್ಲಿ ಓದಿದವರು. ಮೂವರಿಗಿಂತ ನನ್ನ ಅಂಕ ಜಾಸ್ತಿ. ಹೊಟ್ಟೆಕಿಚ್ಚಿನ ಮಾತಲ್ಲ, ಪಟ್ಟಿ ಗೋಡೆಯ ಮೇಲಿದೆ.

ಅವತ್ತು ಒಂದು ಪ್ರಶ್ನೆಯನ್ನು ನಿನಗೆ ಬರೆದಿರಲಿಲ್ಲ. "ನಿಸ್ಸಿ ಬೆಂಜಮಿನ್, ಅಂದರೆ ಗೋವಾ? ಕೇರಳ?" ಅಂತ ಒಬ್ಬ ಹೆಂಗಸು ಕೇಳಿದಳು. ಬೀದರ ಅಂದೆ. "ಓ, ಹಾಗಾದರೆ ನಿಮ್ಮವರು ಮೊದಲು ಏನಾಗಿದ್ದರು?" ಅಂದಳು. "ಮೊದಲಿಂದಲೂ ಮಾಸ್ತರರು" ಅಂದೆ. ಮತ್ತೂ ನಕ್ಕರು.

ಆಮೇಲೆ ಹನ್ನೊಂದು ಕಂಪನಿ ಬಂದವು. ಕೆಲವು ಕಡೆ ಕೊನೆಯ ಸುತ್ತಿನ ತನಕ ಹೋದೆ. "ನಮ್ಮಲ್ಲಿ ಹೊಂದಿಕೊಳ್ಳುವುದು ಕಷ್ಟ" ಅನ್ನುತ್ತಾರೆ. ಬೇಸಿಗೆಯಲ್ಲಿ ಸಂಬಳವಿಲ್ಲದೆ ಎಲ್ಲೆಲ್ಲಿ ದುಡಿದಿದ್ದೀರಿ ಎಂದು ಕೇಳುತ್ತಾರೆ. ದುಡಿಯಬೇಕಾದರೆ ಮುಂಬೈಯಲ್ಲಿ ಎರಡು ತಿಂಗಳು ಇರಲು ಚಿಕ್ಕಪ್ಪನ ಫ್ಲಾಟು ಬೇಕು. ನನಗಿರುವುದು ಮಮ್ಮಿ ಕಲಿಸುವ ಠಾಣಾ ಕುಶನೂರದ ಸಾಲಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ ಎರಡು ಬೇಸಿಗೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಔರಾದದಲ್ಲಿ ನಾವು ಕಾರಿದ್ದ ಮಂದಿ, ಇಬ್ಬರು ಸಂಬಳದಾರರ ಮನೆ, ಬಾಗಿಲಲ್ಲಿ ಯಾರಾದರೂ ಸಲಹೆ ಕೇಳಲು ಕೂತಿರುತ್ತಾರೆ. ಇಲ್ಲಿ ಬಡವರ ವಿದ್ಯಾರ್ಥಿವೇತನಕ್ಕೆ ನಾವು ಶ್ರೀಮಂತರು, ಶ್ರೀಮಂತರ ಮೇಜಿಗೆ ನಾವು ಯಾರೂ ಅಲ್ಲ. ಬಾಗಿಲು ತೆಗೆದು ಒಳಗೆ ಕರೆದರು ಅತ್ತಿ, ಒಳಗೆ ಮತ್ತೊಂದು ಬಾಗಿಲಿದೆ ಅಂತ ಯಾರೂ ಹೇಳಲಿಲ್ಲ.

ಈಗ ಒಂದು ಫಾರ್ಮ್ ಕೊಟ್ಟಿದ್ದಾರೆ. ಕೆಲಸ ಸಿಗದ ನಲವತ್ತೊಂದು ಮಂದಿಯೂ ಮಾರ್ಚ್ ಹದಿನೈದರೊಳಗೆ ಸಹಿ ಮಾಡಬೇಕು. "ಉನ್ನತ ವ್ಯಾಸಂಗ, ಕುಟುಂಬ, ಸಮಾಜಸೇವೆ, ಈ ಕಾರಣಗಳಲ್ಲೊಂದಕ್ಕಾಗಿ ನಾನು ಸ್ವಂತ ಇಚ್ಛೆಯಿಂದ ಉದ್ಯೋಗ ಪ್ರಕ್ರಿಯೆಯಿಂದ ಹಿಂದೆ ಸರಿದಿದ್ದೇನೆ." ಸಹಿ ಮಾಡಿದವರನ್ನು ಲೆಕ್ಕದಿಂದ ತೆಗೆಯುತ್ತಾರೆ. ಉಳಿದವರು ನೂರಕ್ಕೆ ನೂರು. ಮಾಡಿದರೆ ಪ್ರಾಧ್ಯಾಪಕರಿಂದ ಒಳ್ಳೆಯ ಶಿಫಾರಸು ಪತ್ರ ಸಿಗುತ್ತದೆ.

ಸಮಾಜಸೇವೆಗೆ ಗುರುತು ಹಾಕೋಣ ಅಂತಿದ್ದೇನೆ. ನೀನೂ ಬೊಂಬಾಯಿಯ ದೊಡ್ಡ ಆಸ್ಪತ್ರೆ ಬಿಟ್ಟು ಊರ ಸೇವೆಗೆ ಅಂತ ಬಂದವಳು, ಈಗಲೂ ಸಭೆಯಲ್ಲಿ ಅದನ್ನೇ ಹೇಳಿ ನಿನ್ನನ್ನು ಹೊಗಳುತ್ತಾರೆ. ನಾನೂ ಹಾಗೇ ಬಂದೆ ಅಂದರೆ ಪಪ್ಪನ ಮಾನ ಉಳಿಯುತ್ತದೆ. ಸುಳ್ಳಾದರೂ ಮರ್ಯಾದೆಯ ಸುಳ್ಳು. ನೀನು ಹೂಂ ಅಂದರೆ ಸಾಕು.

ನಿಸ್ಸಿ


ಭಾಲ್ಕಿ
೩ ಮಾರ್ಚ್ ೨೦೨೫

ನಿಸ್ಸಿ,

ಸಹಿ ಮಾಡಬೇಡ. ಕಾಗದ ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟೇ ಸಾಕು.

ಫೋನ್ ಮಾಡಲಿಲ್ಲ. ಮಾಡಿದ್ದರೆ ಅಳುತ್ತಿದ್ದೆ, ಇದು ಅಳುವ ಹೊತ್ತಲ್ಲ.

ನಾನು ಸೇವೆಗೆ ಬಂದವಳಲ್ಲ. ನನ್ನನ್ನು ಹೊರಗೆ ಹಾಕಿದರು.

ಬೊಂಬಾಯಿಯ ನರ್ಸಿಂಗ್ ಕಾಲೇಜಿಗೆ ನಮ್ಮ ಜಿಲ್ಲೆಯಿಂದ ಹೋದ ಹುಡುಗಿಯರು ಬೆರಳೆಣಿಕೆ. ನಾನು ಬ್ಯಾಚಿಗೆ ಮೊದಲು ಬಂದೆ. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ನನ್ನ ಹೆಸರು ಹಿಡಿದು ಕರೆಯುತ್ತಿದ್ದ. ೧೯೮೪ರಲ್ಲಿ ಸಿಸ್ಟರ್ ಇನ್‌ಚಾರ್ಜ್ ಹುದ್ದೆ ಖಾಲಿ ಬಿತ್ತು. ನನಗೇ ಅಂತ ಸ್ವೀಪರ್‌ನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಮೇಟ್ರನ್ ಕರೆದು ಚಹಾ ಕೊಟ್ಟಳು. "ಫ್ಲಾರೆನ್ಸ, ನಿನ್ನ ಕೈ ಬಹಳ ಒಳ್ಳೆಯದು. ಆದರೆ ಪ್ರೈವೇಟ್ ವಾರ್ಡಿನ ಮಂದಿಗೆ ನಿನ್ನ ಮಾತು ಗಾವಠಿ, ಹಳ್ಳಿಗಾಡಿನದು ಅನ್ನಿಸುತ್ತದೆ" ಅಂದಳು. ಆಮೇಲೆ, ಕೇಳು, ಆಮೇಲೆ ಅದೇ ಪ್ರಶ್ನೆ: "ಕ್ರೈಸ್ತರಾಗುವ ಮುಂಚೆ ನಿಮ್ಮವರು ಏನಾಗಿದ್ದರು?" ನಲವತ್ತೊಂದು ವರ್ಷದಲ್ಲಿ ಆ ಮಂದಿ ಪ್ರಶ್ನೆಯನ್ನೂ ಬದಲಿಸಿಕೊಂಡಿಲ್ಲ.

ಹುದ್ದೆ ಟ್ರಸ್ಟಿಯ ತಂಗಿಯ ಮಗಳಿಗೆ ಹೋಯಿತು. ನಾನು ಯಾಕೆ ಅಂತ ಕೇಳಿದೆ. ಕೇಳಿದ್ದೇ ತಪ್ಪಾಯಿತು. ಒಂದು ಕಾಗದ ಮುಂದಿಟ್ಟರು, "ಕೌಟುಂಬಿಕ ಕಾರಣದಿಂದ ಸ್ವಂತ ಇಚ್ಛೆಯಿಂದ ರಾಜೀನಾಮೆ". ಸಹಿ ಮಾಡಿದರೆ ಒಳ್ಳೆಯ ಸರ್ಟಿಫಿಕೇಟು, ಇಲ್ಲವಾದರೆ ಯಾವ ಆಸ್ಪತ್ರೆಯೂ ತೆಗೆದುಕೊಳ್ಳದ ಸರ್ಟಿಫಿಕೇಟು. ಇಪ್ಪತ್ನಾಲ್ಕು ವರ್ಷದವಳು. ಮಾಡಿದೆ.

ಬೀದರ ಸ್ಟೇಶನ್ನಿಗೆ ಹಾರ ಹಿಡಿದುಕೊಂಡು ಬಂದಿದ್ದರು. ಆವಾಗಿನ ಪಾಸ್ಟರ್ "ಬೊಂಬಾಯಿಯ ವೈಭವ ಒದ್ದು ಕರ್ತನ ಸೇವೆಗೆ ಬಂದ ಮಗಳು" ಅಂದುಬಿಟ್ಟರು. ಅಲ್ಲ ಅನ್ನಲು ಬಾಯಿ ಬರಲಿಲ್ಲ. ಮರುವರ್ಷ ನಾನೇ ಹೇಳಿದೆ. ಹತ್ತು ವರ್ಷದಲ್ಲಿ ನನಗೇ ನಿಜ ಅನ್ನಿಸತೊಡಗಿತು. ಸೇವೆ ಮಾಡಿದ್ದು ಸುಳ್ಳಲ್ಲ, ಹೆರಿಗೆ ಮಾಡಿಸಿದ್ದು ಸುಳ್ಳಲ್ಲ. ಬಂದ ಕಾರಣ ಸುಳ್ಳು.

ಆ ಸುಳ್ಳು ಏನು ಮಾಡಿತು ಗೊತ್ತೇನು? ನನ್ನ ಕೈಕೆಳಗೆ ಕಲಿತ ಹುಡುಗಿಯರನ್ನೆಲ್ಲ "ಮಾರ್ಕ್ಸ್ ತಗೊಳ್ರಿ, ನಡತಿ ಚಲೋ ಇಟ್ಕೊಳ್ರಿ, ಯಾರೂ ತಡಿಯಂಗಿಲ್ಲ" ಅಂತ ಬೊಂಬಾಯಿಗೆ, ಪುಣೆಗೆ ಕಳಿಸಿದೆ. ಸೋತು ಬಂದವರು ತಮ್ಮದೇ ತಪ್ಪೆಂದು ತಲೆ ತಗ್ಗಿಸಿ ನನ್ನ ಮುಂದೆ ನಿಂತರು. ನಾನು ಅವರಿಗೆ ಪ್ರಾರ್ಥನೆ ಮಾಡು ಅಂದೆ! ಮೊನ್ನೆ ಪ್ರಣಿತಾಗೆ ಅದೇ ಪಾಠ ಹೇಳಿದೆ. ಅವಳು ಮೊಬೈಲಿನಲ್ಲಿ ತೋರಿಸಿದ ನೂರಕ್ಕೆ ನೂರು, ನಿನ್ನಂಥವರ ಸಹಿಯ ಮೇಲೆ ನಿಂತ ನೂರು. ಅದನ್ನು ನಂಬಿ ಅವಳವ್ವ ಪ್ಲಾಟು ಮಾರಲು ಹೊರಟಿದ್ದಾಳೆ.

ಮರ್ಯಾದೆಯ ಸುಳ್ಳು ಅಂತ ಬರೆದೆಯಲ್ಲ. ಮರ್ಯಾದೆ ಅವರದು, ಸುಳ್ಳು ಮಾತ್ರ ನಮ್ಮದು. ಉಣ್ಣಲು ಕರೆದು ಜಾತಿ ಕೇಳಿದವರ ಮಾನ ಕಾಯಲು ನಿನ್ನ ಸಹಿ ಬೇಕಾ?

ನಿನಗೆ ನಿಸ್ಸಿ ಅಂತ ಹೆಸರಿಟ್ಟವಳು ನಾನು. ಸತ್ಯವೇದದಲ್ಲಿ ಅದರ ಅರ್ಥ ಧ್ವಜ. ಮಡಚಿ ಟ್ರಂಕಿನಲ್ಲಿ ಇಟ್ಟುಕೊಂಡು ಬರಲಿ ಅಂತ ಇಟ್ಟ ಹೆಸರಲ್ಲ.

ಫ್ಲಾರೆನ್ಸ


ದೆಹಲಿ
೧೬ ಮಾರ್ಚ್ ೨೦೨೫

ಅತ್ತಿ,

ನಿನ್ನ ಕಾಗದ ಹತ್ತನೇ ತಾರೀಖಿಗೆ ಬಂತು. ಎರಡು ದಿನ ನಿನ್ನ ಮೇಲೆ ಬಂದ ಸಿಟ್ಟು ಆ ಕಂಪನಿಯವರ ಮೇಲೂ ಬಂದಿರಲಿಲ್ಲ. ಆ ಸುಳ್ಳಿನ ಮೇಲೆ ಬೆಳೆದವಳು ನಾನು. ಚಿಕ್ಕವಳಿದ್ದಾಗ ಸೋತು ಬಂದರೆ "ಅತ್ತಿಯಂಥವರು ಬೊಂಬಾಯಿಯನ್ನೇ ಗೆದ್ದು ಬಿಟ್ಟು ಬಂದರು" ಅಂತ ಪಪ್ಪಾ ಬಯ್ಯುತ್ತಿದ್ದ. ಗೊತ್ತಿದ್ದರೆ ಈ ಮೂರು ವರ್ಷ ನನ್ನ ನಾಲಿಗೆಯೇ ಸರಿಯಿಲ್ಲ ಅಂದುಕೊಂಡು ಕನ್ನಡಿಯ ಮುಂದೆ ಇಂಗ್ಲಿಷ್ ತಿದ್ದುತ್ತ ನಿಲ್ಲುತ್ತಿರಲಿಲ್ಲ.

ಹದಿಮೂರಕ್ಕೆ ಪ್ಲೇಸ್‌ಮೆಂಟ್ ಆಫೀಸಿಗೆ ಹೋದೆ. ಫಾರ್ಮಿನ ಮೂರೂ ಕಾರಣಗಳ ಮೇಲೆ ಗೀಟು ಹೊಡೆದೆ. ಕೆಳಗೆ ಇಂಗ್ಲಿಷಿನಲ್ಲಿ, ಅದರ ಕೆಳಗೆ ಕನ್ನಡದಲ್ಲಿ ಬರೆದೆ: "ನಾನು ಹಿಂದೆ ಸರಿದಿಲ್ಲ. ಹನ್ನೆರಡು ಕಂಪನಿಗಳಿಗೆ ಅರ್ಜಿ ಹಾಕಿದೆ. ಕೆಲಸ ಕೊಡಲಿಲ್ಲ. ನನ್ನನ್ನು ಲೆಕ್ಕದಲ್ಲಿ ಇಡಿ." ಅದಕ್ಕೆ ಸಹಿ ಮಾಡಿದೆ.

ಅಲ್ಲಿಯ ಮೇಡಂ ಕನ್ನಡಕ ತೆಗೆದರು. "ಇದು ಹೀಗೆ ತುಂಬುವ ಫಾರ್ಮ್ ಅಲ್ಲ."

"ಹಾಗಾದರೆ ತುಂಬುವ ಜಾಗ ಯಾಕೆ ಬಿಟ್ಟಿದ್ದೀರಿ, ಮೇಡಂ?"

"ನಿಸ್ಸಿ, ಕಾಲೇಜಿನ ಹೆಸರಿಗೆ ಬೆಲೆ ಇದ್ದರೆ ನಿನ್ನ ಡಿಗ್ರಿಗೂ ಬೆಲೆ. ನೀನು ಕೂತ ಕೊಂಬೆಯನ್ನೇ ಕಡಿಯುತ್ತಿದ್ದೀಯ."

"ನಾನು ಕೂತಿಲ್ಲ ಮೇಡಂ. ನಲವತ್ತೊಂದು ಮಂದಿ ಕೆಳಗೆ ನಿಂತಿದ್ದೇವೆ."

ಶಿಫಾರಸು ಪತ್ರದ ಮಾತು ತೆಗೆದರು. ಮುಂದೆ ಓದಬೇಕೆಂದರೆ ಅದು ಬೇಕೇ ಬೇಕು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಫಾರ್ಮಿನ ಝೆರಾಕ್ಸ್ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಕೊಡಿ ಅಂದೆ. ಮುಕ್ಕಾಲು ಗಂಟೆ ನಿಲ್ಲಿಸಿದರು. ನಿಂತೆ. ಹಾಕಿದರು.

ಹೊರಗೆ ಸಾಲಿನಲ್ಲಿದ್ದ ಬಿಹಾರದ ಹುಡುಗಿಯೊಬ್ಬಳು, ಬ್ಯಾಂಕ್ ಮ್ಯಾನೇಜರನ ಮಗಳು, ಏನು ಬರೆದೆ ಅಂತ ಕೇಳಿದಳು. ತೋರಿಸಿದೆ. ಗೋಡೆಗೆ ಕಾಗದ ಒತ್ತಿಕೊಂಡು ಅದನ್ನೇ ಬರೆದಳು. ನಿನ್ನೆ ಸಂಜೆಗೆ ಹಾಗೆ ಬರೆದವರು ಹದಿನೇಳು ಮಂದಿ. ಇಪ್ಪತ್ನಾಲ್ಕು ಮಂದಿ ಅವರು ಹೇಳಿದ ಹಾಗೆ ಸಹಿ ಮಾಡಿದರು. ಅವರನ್ನು ಬಯ್ಯಲಾರೆ, ಇಪ್ಪತ್ನಾಲ್ಕು ವರ್ಷದ ನಿನ್ನನ್ನೂ ಬಯ್ಯಬೇಕಾಗುತ್ತದೆ.

ಶಿಫಾರಸು ಪತ್ರ ಸಿಗಲಿಲ್ಲ, ಸಿಗುವುದಿಲ್ಲ. ಮೇ ಎರಡನೇ ವಾರ ಬರುತ್ತೇನೆ. ಕೆಲಸವಿಲ್ಲದೆ ಬರುತ್ತೇನೆ, ಮತ್ತೆ ಹುಡುಕಿಕೊಂಡು ಹೋಗುತ್ತೇನೆ. ಪಪ್ಪನಿಗೆ ನಿನ್ನೆ ಫೋನಿನಲ್ಲಿ ಹೇಳಿದೆ, ಸ್ಪೀಕರ್ ಹಾಕಿಯೇ ಇರಲಿ ಅಂದೆ. ಪಪ್ಪಾ ಫೋನ್ ಮಮ್ಮಿಗೆ ಕೊಟ್ಟ. ಆಮೇಲೆ ಮಮ್ಮಿ, "ಉಂಡಿಯೇನವಾ?" ಅಂದಳು.

ನಾನು ಬರೆದು ಕೊಟ್ಟೆ. ಈಗ ನಿನ್ನ ಸರದಿ. ನನ್ನ ನೌಕರಿಯ ಸುಳ್ಳನ್ನು ನೀನು ಸಭೆಯಲ್ಲಿ ಹೇಳಿದ್ದೀಯ, ನಿನ್ನದನ್ನು ನಲವತ್ತು ವರ್ಷ ಹೇಳಿದ್ದೀಯ. ಎರಡನ್ನೂ ಹೇಳಿದ ಕಡೆಯೇ ಹಿಂದಕ್ಕೆ ತೆಗೆದುಕೋ. ನಾನು ಬರುವ ಮೊದಲು.

ನಿಸ್ಸಿ


ಭಾಲ್ಕಿ
೧೬ ಏಪ್ರಿಲ್ ೨೦೨೫

ನಿಸ್ಸಿ,

ಒಂದು ತಿಂಗಳು ಸುಮ್ಮನಿದ್ದೆ. ಹೆದರಿದ್ದೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ಆದರೂ ನಿನ್ನ ಕಾಗದ ಬಂದ ವಾರವೇ ಬೊಂಬಾಯಿಯ ಆ ಆಸ್ಪತ್ರೆಗೆ ರಿಜಿಸ್ಟರ್ ಕಾಗದ ಕಳಿಸಿದ್ದೆ. ೧೯೮೪ರ ನನ್ನ ರಾಜೀನಾಮೆಯಲ್ಲಿರುವ ಕಾರಣ ಸುಳ್ಳು, ಅದನ್ನು ಹೊಡೆದುಹಾಕಿ ನಿಜವಾದ ಕಾರಣ ದಾಖಲಿಸಿರಿ ಅಂತ. ಹೋದ ವಾರ ಉತ್ತರ ಬಂತು, ಎರಡು ಸಾಲು: ಅಷ್ಟು ಹಳೆಯ ಕಡತ ಲಭ್ಯವಿಲ್ಲ. ಕಡತ ಹೋದರೇನು, ಸಹಿ ಮಾಡಿದ ಕೈ ಇನ್ನೂ ಇದೆ ಅಂತ ಮರುದಿನವೇ ಮತ್ತೊಂದು ಕಳಿಸಿದೆ. ಆ ಎರಡು ಸಾಲು ಓದಿದ ಮೇಲೆ ಹೆದರಿಕೆ ಹೋಯಿತು. ಅವರು ಕಾಗದವನ್ನೇ ಸುಟ್ಟಿದ್ದಾರೆ, ನಾನು ಮಾತ್ರ ಅದನ್ನು ಹೊತ್ತು ತಿರುಗುತ್ತಿದ್ದೆ.

ಗರಿಗಳ ಭಾನುವಾರ ಬೀದರದಲ್ಲಿ ಭಾಲ್ಕಿಯವರು, ಔರಾದದವರು, ಎಲ್ಲ ಸಭೆಗಳೂ ಕೂಡಿದ್ದವು. ಸಾಕ್ಷಿ ಹೇಳುವವರು ಬರಬಹುದು ಅಂದಾಗ ಎದ್ದೆ. ಮುಂದಿನ ಸಾಲಿನಲ್ಲಿ ಕೂತವರು ನಾನು ಬಾಯಿ ತೆಗೆಯುವ ಮೊದಲೇ ಹಲ್ಲೆಲೂಯ ಅಂದರು. ಹೇಳಿದೆ. ಡಿಸೆಂಬರಿನಲ್ಲಿ ಹೇಳಿದ ನೌಕರಿ ಇಲ್ಲ, ಕೊಡಲಿಲ್ಲ ಅಂದೆ. ಬೊಂಬಾಯಿಯ ಸೇವೆಯ ಕಥೆ ಸುಳ್ಳು ಅಂದೆ. ಮೇಟ್ರನ್ ಕೇಳಿದ ಪ್ರಶ್ನೆಯನ್ನು ಅವಳು ಕೇಳಿದ ಹಾಗೆಯೇ ಹೇಳಿದೆ. ಮಂದಿಯ ಕೈಯಲ್ಲಿದ್ದ ಈಚಲ ಗರಿಗಳ ಸದ್ದು ನಿಂತುಹೋಯಿತು.

ಆಲ್ಬರ್ಟ ಪಾಸ್ಟರ್ ಹತ್ತಿರ ಬಂದು ಮೆಲ್ಲಗೆ, "ಸಿಸ್ಟರ್, ಇದು ಸ್ತೋತ್ರದ ಹೊತ್ತರಿ" ಅಂದರು.

"ಸ್ತೋತ್ರಾನೇ ಮಾಡ್ಲಾಕತ್ತೇನ್ರಿ ಪಾಸ್ಟರ್ ಸಾಹೇಬ್ರ. ನಲವತ್ತು ವರ್ಷ ಆದ ಮ್ಯಾಲ ಕರ್ತ ಬಾಯಿ ತಿರುಗಿ ಕೊಟ್ಟಾನ್ರಿ. ಕುಂದ್ರಂದ್ರ ಕುಂದ್ರಂಗಿಲ್ಲ ನಾ."

ಮೈಕ್ ನನ್ನ ಕೈಯಲ್ಲೇ ಉಳಿಯಿತು.

ಚಪ್ಪಾಳೆ ಬೀಳಲಿಲ್ಲ. ಅರ್ಧ ಮಂದಿ ನೆಲ ನೋಡಿದರು. ನಿನ್ನ ಪಪ್ಪಾ ಹೊರಗೆ ಹೋಗಿ ಕಾರಿನಲ್ಲಿ ಕೂತುಬಿಟ್ಟ. ನಾನು ಹತ್ತಿರ ಹೋದರೆ, "ಅಕ್ಕಾ, ಮಂದ್ಯಾಗ ಮಾನಾ ತೆಗದಿ" ಅಂದ. "ಮಾನಾ ಹೋಗ್ಬೇಕಾದ್ದು ಅವರದೋ ಬೆಂಜ್ಯಾ. ನೀ ಯಾಕ ಮಾರಿ ಮುಚ್ಕೊಂಡಿ?" ಅಂದೆ. ಅವತ್ತಿನಿಂದ ಮಾತಾಡಿಲ್ಲ. ಮಾತಾಡುತ್ತಾನೆ, ಎಲ್ಲಿ ಹೋಗುತ್ತಾನೆ. ಆದರೆ ಬಾಗಿಲ ಬಳಿ ಬಗದಲ್‌ನ ಒಬ್ಬ ನರ್ಸ್ ನನ್ನ ಕೈ ಹಿಡಿದಳು. ನನ್ನ ಹಳೆಯ ಹುಡುಗಿ, ಪುಣೆಯಿಂದ ಹದಿನೆಂಟು ವರ್ಷದ ಹಿಂದೆ ಬಂದವಳು. "ನಂದೂ ಹಾಂಗೇ ಆಗಿತ್ರಿ ಸಿಸ್ಟರ್" ಅಂದಳು. ಅಷ್ಟೇ ಅಂದಳು. ಆಗ ಅವಳಿಗೆ ಪ್ರಾರ್ಥನೆ ಮಾಡು ಅಂದಿದ್ದೆ. ಭಾನುವಾರ ಕ್ಷಮೆ ಕೇಳಿದೆ.

ಅಂಜನಾಬಾಯಿಯ ಮನೆಗೂ ಹೋದೆ. ಗ್ಯಾರಂಟಿ ಅಂದಿದ್ದು ನನ್ನ ತಪ್ಪು ಅಂತ ಹೇಳಿ, ನಿನ್ನ ಕೊನೆಯ ಎರಡೂ ಕಾಗದ ಓದಿಸಿದೆ. ತಾಯಿ ಎರಡನ್ನೂ ಮತ್ತೊಮ್ಮೆ ಓದಿದಳು. ಪ್ರಣಿತಾ ಮೊಬೈಲಿನಲ್ಲಿ ಪುಸ್ತಿಕೆ ತೆಗೆದು ಆ ನೂರನ್ನು ನೋಡಿದಳು.

"ಸಿಸ್ಟರ್ರೀ, ನಾ ಅಲ್ಲೇ ಹೋಗ್ತೇನ್ರಿ."

"ಇಷ್ಟೆಲ್ಲಾ ಓದಿ ಮ್ಯಾಲನೂ?"

"ಹೌದ್ರಿ. ಸೀಟು ಅವರಪ್ಪಂದೇನ್ರಿ? ಆದ್ರ ಮೊದಲನೇ ದಿನಾನೇ ಕೇಳ್ತೇನಿ, ನಿಸ್ಸಿ ಅಕ್ಕನ್ನ ಹಿಡಿದು ಆ ನಲವತ್ತೊಂದು ಮಂದಿ ನಿಮ್ಮ ಲೆಕ್ಕದಾಗ ಎಲ್ಲಿ ಅಂತ."

ಆಗ ತಾಯಿ ಅಂದಳು: "ಪ್ಲಾಟು ಮಾರಂಗಿಲ್ಲ. ಸೀಟು ಬಿಡಂಗಿಲ್ಲ. ಬ್ಯಾರೆ ದಾರಿ ನಾ ನೋಡ್ತೇನಿ." ಬ್ಯಾಂಕಿನವಳು, ನೋಡುತ್ತಾಳೆ.

ಮುದ್ರೆ ಹಾಕಿಸಿದ ಆ ಝೆರಾಕ್ಸ್ ತಪ್ಪದೆ ತಾ. ಆ ಹುಡುಗಿಗೆ ಬೇಕಂತೆ, ಬಗದಲ್‌ನವಳಿಗೂ ಬೇಕಂತೆ. ಹೈದರಾಬಾದಿನಿಂದ ಬೀದರದ ಬಸ್ಸು ಹತ್ತಿದ ಮೇಲೆ ಫೋನ್ ಮಾಡು. ಸ್ಟ್ಯಾಂಡಿಗೆ ನಾನು ಬರುತ್ತೇನೆ. ಹಾರ ತರುವುದಿಲ್ಲ. ಯಾರಾದರೂ ಯಾಕೆ ಬಂದೆ ಅಂತ ಕೇಳಿದರೆ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಗಟ್ಟಿಯಾಗಿ ಹೇಳು, ನಾನು ಪಕ್ಕದಲ್ಲಿರುತ್ತೇನೆ.

ಅಲ್ಲಿಂದ ನೇರ ಭಾಲ್ಕಿಗೆ. ಊಟ ನಮ್ಮ ಮನೆಯಲ್ಲಿ. ರಹೀಮುನ್ನಿಸಾ ಈಗಲೇ ಅಕ್ಕಿ ಆರಿಸಿ ಇಟ್ಟಿದ್ದಾಳೆ. ನಿನ್ನ ಪಪ್ಪನಿಗೂ ಬರಲು ಹೇಳಿದ್ದೇನೆ. ಬಂದರೆ ಮೊದಲು ಅವನ ಕೈಗೆ ನೀರು ಹಾಕುತ್ತೇನೆ. ಇದು ಭಾಲ್ಕಿ ನಿಸ್ಸಿ, ಇಲ್ಲಿ ಉಣ್ಣಲು ಕೂತವರು ನಮ್ಮವರೇ.

ನಿನ್ನ ಅತ್ತಿ
ಫ್ಲಾರೆನ್ಸ